ಲೈವ್ ವಿಡಿಯೊ ಬ್ರೌಸರ್‌ನಲ್ಲಿ ಓಡುತ್ತಿಲ್ಲವೇ? ಎಲ್ಲಿ ಕೆಟ್ಟಿದೆ ಎಂದು ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ರೆಕಾರ್ಡ್ ಆಗಿರುವ ವಿಡಿಯೊ ಕೈಕೊಟ್ಟರೆ ನಾಳೆ ನೋಡಿದರಾಯಿತು. ಲೈವ್ ಹಾಗಲ್ಲ. ರೌಟರ್ ಆಫ್ ಮಾಡಿ ಆನ್ ಮಾಡಿ, ಬ್ರೌಸರ್ ತೆಗೆದು ಮತ್ತೆ ಹಾಕಿ, ಒದ್ದಾಡುವಷ್ಟರಲ್ಲಿ ನೋಡಬೇಕಾದ ಗಳಿಗೆ ಮುಗಿದೇ ಹೋಗಿರುತ್ತದೆ. ಅದಕ್ಕೇ ಲೈವ್ ನಿಂತಾಗ ಕೈಗೆ ಸಿಕ್ಕಿದ್ದನ್ನೆಲ್ಲ ಮಾಡಲು ಹೋಗಬೇಡಿ. ಮೊದಲು ಎಲ್ಲಿ ಕೆಟ್ಟಿದೆ ಎಂದು ಕಂಡುಹಿಡಿಯಿರಿ. ಎರಡೇ ನಿಮಿಷ ಸಾಕು. ಆಮೇಲೆ ಮಾಡಬೇಕಾದ ಕೆಲಸ ಹೆಚ್ಚಾಗಿ ಒಂದೇ ಒಂದು ಇರುತ್ತದೆ.

ಮೊದಲು ಸ್ವಲ್ಪ ತಿಳಿದುಕೊಳ್ಳಿ: ಲೈವ್ ಬರುವುದು ತುಂಡು ತುಂಡಾಗಿ

ಲೈವ್ ವಿಡಿಯೊ ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿದು ಬರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಕೆಲವೇ ಸೆಕೆಂಡುಗಳ ಪುಟ್ಟ ಪುಟ್ಟ ಫೈಲುಗಳಾಗಿ ಬರುತ್ತದೆ. ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಮತ್ತು 2012ರಲ್ಲಿ ಬಂದ ಡ್ಯಾಶ್, ಲೈವ್ ಕಳಿಸುವ ಈ ಎರಡೂ ವಿಧಾನಗಳು ಕೆಲಸ ಮಾಡುವುದು ಹೀಗೇ. ಸರ್ವರ್‌ನಲ್ಲಿ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಹೊಸ ತುಂಡುಗಳು ಸೇರುತ್ತಿರುತ್ತವೆ, ಹಳೆಯವು ಉದುರುತ್ತಿರುತ್ತವೆ. ನಿಮ್ಮ ಬ್ರೌಸರ್‌ನಲ್ಲಿರುವ ಪ್ಲೇಯರ್ ಆ ಪಟ್ಟಿಯನ್ನು ಮತ್ತೆ ಮತ್ತೆ ಓದಿ ಮುಂದಿನ ತುಂಡನ್ನು ತರಿಸಿಕೊಳ್ಳುತ್ತದೆ.

ಎಚ್‌ಎಲ್‌ಎಸ್‌ಗೆ ಆಪಲ್ ಸೂಚಿಸುವ ತುಂಡಿನ ಅಳತೆ 6 ಸೆಕೆಂಡು. ಪ್ಲೇಯರ್ ಪಟ್ಟಿಯ ತುದಿಯಿಂದ ಮೂರು ತುಂಡಿನಷ್ಟು ಹಿಂದೆ ನಿಂತು ಶುರು ಮಾಡಬೇಕು ಎಂಬುದು ಅದರ ನಿಯಮ. ಅಂದರೆ ನೀವು ನೋಡುತ್ತಿರುವುದು ಸುಮಾರು 18 ಸೆಕೆಂಡು ಹಳೆಯ ಚಿತ್ರ. ಪಕ್ಕದ ಕೋಣೆಯಲ್ಲಿ ಟಿವಿ ನೋಡುವವರು ನಿಮಗಿಂತ ಮೊದಲೇ ಕೂಗಿಕೊಂಡರೆ ಅದು ತೊಂದರೆ ಅಲ್ಲ. ಲೈವ್ ಇರುವುದೇ ಹಾಗೆ.

ಇಲ್ಲೊಂದು ಮುಖ್ಯ ವಿಷಯ ಇದೆ. ರೆಕಾರ್ಡ್ ಆದ ವಿಡಿಯೊವನ್ನು ಪ್ಲೇಯರ್ ಮುಂಚೆಯೇ ಜಾಸ್ತಿ ತರಿಸಿ ಇಟ್ಟುಕೊಳ್ಳಬಹುದು. ಲೈವ್‌ನಲ್ಲಿ ಮುಂದಿನ ಒಂದು ನಿಮಿಷ ಇನ್ನೂ ನಡೆದೇ ಇಲ್ಲ, ತರಿಸುವುದಾದರೂ ಏನನ್ನು? ಕೈಯಲ್ಲಿರುವ ದಾಸ್ತಾನು ಕೆಲವು ಸೆಕೆಂಡು ಮಾತ್ರ. ಹಾಗಾಗಿ ಬೇರೆ ವಿಡಿಯೊಗಳಲ್ಲಿ ಗೊತ್ತೇ ಆಗದ ಸಣ್ಣ ಅಡಚಣೆಯೂ ಲೈವ್‌ನಲ್ಲಿ ಸುತ್ತುವ ಚಕ್ರವಾಗಿ ಕಾಣುತ್ತದೆ. "ಉಳಿದದ್ದೆಲ್ಲ ಚೆನ್ನಾಗಿ ಓಡುತ್ತಿದೆ, ಹಾಗಾಗಿ ನೆಟ್ ಸರಿಯಾಗಿದೆ" ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಂತ 1: ಎರಡು ನಿಮಿಷದ ಪತ್ತೆ ಕೆಲಸ

ಏನನ್ನೂ ಬದಲಿಸುವ ಮೊದಲು ಈ ನಾಲ್ಕನ್ನು ಮಾಡಿ. ಇದೇ ಕ್ರಮದಲ್ಲಿ ಮಾಡಿ.

ಒಂದು, ಫೋನ್‌ನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ಲೈವ್ ತೆರೆಯಿರಿ. ಅಲ್ಲೂ ಬರದಿದ್ದರೆ ತೊಂದರೆ ಬಹುತೇಕ ಪ್ರಸಾರ ಮಾಡುವವರ ಕಡೆ ಇದೆ. ನಿಮ್ಮ ಕಂಪ್ಯೂಟರನ್ನು ಮುಟ್ಟಬೇಡಿ, ಕಾಯಿರಿ.

ಎರಡು, ಮೊಬೈಲ್ ಡೇಟಾದಲ್ಲಿ ಬಂತು ಅಂದರೆ ಫೋನನ್ನು ಮನೆಯ ವೈಫೈಗೆ ಸೇರಿಸಿ ನೋಡಿ. ಈಗ ನಿಂತುಹೋದರೆ ತೊಂದರೆ ನಿಮ್ಮ ನೆಟ್‌ನಲ್ಲಿದೆ. ಈಗಲೂ ಬಂದರೆ ನೆಟ್ ಬಿಡಿ, ಕಂಪ್ಯೂಟರ್ ಕಡೆ ತಿರುಗಿ.

ಮೂರು, ಕಂಪ್ಯೂಟರ್‌ನಲ್ಲಿ ಅದೇ ಪುಟವನ್ನು ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಕ್ರೋಮ್ ಮತ್ತು ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ. ಫೈರ್‌ಫಾಕ್ಸ್‌ನಲ್ಲಿ ಎನ್ ಬದಲು ಪಿ. ಖಾಸಗಿ ಕಿಟಕಿಯಲ್ಲಿ ಹಳೆಯ ಕುಕೀಗಳು (ಸೈಟುಗಳು ಬಿಟ್ಟುಹೋದ ಗುರುತುಗಳು) ಇರುವುದಿಲ್ಲ, ನೀವಾಗಿ ಒಪ್ಪಿಗೆ ಕೊಡದಿದ್ದರೆ ಎಕ್ಸ್‌ಟೆನ್ಶನ್‌ಗಳೂ, ಅಂದರೆ ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಮ್‌ಗಳೂ, ಓಡುವುದಿಲ್ಲ. ಇಲ್ಲಿ ಬಂದರೆ ಹಂತ 5ಕ್ಕೆ ನೇರ ಹೋಗಿ.

ನಾಲ್ಕು, ಬೇರೆ ಬ್ರೌಸರ್‌ನಲ್ಲಿ ನೋಡಿ. ಅಲ್ಲಿ ಬಂದರೆ ಸದ್ಯಕ್ಕೆ ಅಲ್ಲೇ ನೋಡಿ ಮುಗಿಸಿ. ರಿಪೇರಿ ಆಮೇಲೆ ಮಾಡಿದರಾಯಿತು, ಲೈವ್ ಕಾಯುವುದಿಲ್ಲ ಅಲ್ವಾ.

ಹಂತ 2: ತಪ್ಪಿನ ಸಂದೇಶವನ್ನು ಓದಿ

ಸ್ಕ್ರೀನ್ ಮೇಲೆ ಬರುವ ಸಂದೇಶವನ್ನು ಜಾಸ್ತಿ ಜನ ಓದದೆ ಮುಚ್ಚಿಬಿಡುತ್ತಾರೆ. ಅದರಲ್ಲೇ ಅರ್ಧ ಉತ್ತರ ಇರುತ್ತದೆ.

ಬ್ರೌಸರ್ ವಿಡಿಯೊ ತಪ್ಪುಗಳನ್ನು ನಾಲ್ಕೇ ನಾಲ್ಕು ಬಗೆಯಾಗಿ ಎಣಿಸುತ್ತದೆ. ಅಂಕಿ 1 ಅಂದರೆ ವಿಡಿಯೊ ತರಿಸುವುದು ನಡುವೆಯೇ ನಿಂತಿತು. 2 ಅಂದರೆ ನೆಟ್‌ವರ್ಕ್ ಕೈಕೊಟ್ಟಿತು. 3 ಅಂದರೆ ತುಂಡು ಬಂತು, ಆದರೆ ಬಿಡಿಸಿ ಚಿತ್ರ ಮಾಡಲು ಆಗಲಿಲ್ಲ. 4 ಅಂದರೆ ಈ ಬಗೆಯ ವಿಡಿಯೊ ಓಡಿಸಲು ಬ್ರೌಸರ್‌ಗೆ ಬರುವುದಿಲ್ಲ, ಅಥವಾ ಆ ವಿಳಾಸದಲ್ಲಿ ವಿಡಿಯೊ ಸಿಗಲೇ ಇಲ್ಲ. ಟ್ವಿಚ್ ಎಂಬ ಲೈವ್ ವಿಡಿಯೊ ಸೈಟಿನಲ್ಲಿ ಕಾಣುವ 1000, 2000, 3000, 4000 ಎಂಬ ಸಂಖ್ಯೆಗಳೂ ಇದೇ ಸಾಲಿನವು. 2000 ಬಂದರೆ ಹಂತ 4, 3000 ಬಂದರೆ ಹಂತ 6.

ಇನ್ನೊಂದು ಗುಂಪು ಸರ್ವರ್ ಕೊಡುವ ಸಂಖ್ಯೆಗಳದ್ದು. 403 ಅಂದರೆ ನಿಮಗೆ ಅನುಮತಿ ಇಲ್ಲ. 404 ಅಂದರೆ ಕೇಳಿದ ತುಂಡು ಅಲ್ಲಿಲ್ಲ. 429 ಅಂದರೆ ನೀವು ತುಂಬಾ ಸಲ ಕೇಳುತ್ತಿದ್ದೀರಿ, ಸ್ವಲ್ಪ ತಡೆಯಿರಿ. 451 ಅಂದರೆ ಕಾನೂನಿನ ಕಾರಣಕ್ಕೆ ತೋರಿಸುವಂತಿಲ್ಲ. 502, 503, 504 ಇವು ಸರ್ವರ್ ಕಡೆಯ ಸುಸ್ತು. 503 ನೋಡಿದ ಮೇಲೂ ನಿಮ್ಮ ರೌಟರನ್ನು ಆಫ್ ಮಾಡಿ ಆನ್ ಮಾಡುತ್ತಾ ಕೂರುವುದರಲ್ಲಿ ಏನೂ ಪ್ರಯೋಜನವಿಲ್ಲ.

ಹಂತ 3: ರಿಫ್ರೆಶ್ ಮಾಡುವುದಕ್ಕೂ ಒಂದು ಕ್ರಮ ಇದೆ

ವಿರಾಮ ಕೊಟ್ಟು ಟೀ ಮಾಡಿಕೊಂಡು ಬಂದು ಮತ್ತೆ ಪ್ಲೇ ಒತ್ತಿದಿರಿ, ಚಿತ್ರ ಅಲ್ಲೇ ನಿಂತಿದೆ. ನೀವು ನಿಲ್ಲಿಸಿದ ಜಾಗದ ತುಂಡುಗಳು ಅಷ್ಟರಲ್ಲಿ ಪಟ್ಟಿಯಿಂದ ಉದುರಿಹೋಗಿರಬಹುದು. ಪ್ಲೇಯರ್ ಇಲ್ಲದ ತುಂಡನ್ನು ಹುಡುಕುತ್ತಿದೆ. ಕೆಳಗಿರುವ 'ಲೈವ್' ಗುಂಡಿಯನ್ನು ಒತ್ತಿ. ಸೀದಾ ತುದಿಗೆ ಹಾರುತ್ತದೆ.

ಲ್ಯಾಪ್‌ಟಾಪ್ ಮುಚ್ಚಿ ತೆರೆದ ಮೇಲೆ 403 ಬಂದರೆ ಕಾರಣ ಬೇರೆ. ಎಷ್ಟೋ ಸೈಟುಗಳು ವಿಡಿಯೊ ವಿಳಾಸಕ್ಕೆ ಸ್ವಲ್ಪ ಹೊತ್ತು ಮಾತ್ರ ನಡೆಯುವ ಒಂದು ಚೀಟಿ ಅಂಟಿಸಿರುತ್ತವೆ. ಅವಧಿ ಮುಗಿದರೆ ಸರ್ವರ್ ಬಾಗಿಲು ಹಾಕುತ್ತದೆ. ಪುಟವನ್ನೇ ರಿಫ್ರೆಶ್ ಮಾಡಿದರೆ ಹೊಸ ಚೀಟಿ ಸಿಗುತ್ತದೆ. ಸುಮ್ನೆ ಪ್ಲೇ ಗುಂಡಿ ಒತ್ತುತ್ತಾ ಇದ್ದರೆ ಸಿಗುವುದಿಲ್ಲ. ಮಾಮೂಲಿ ರಿಫ್ರೆಶ್ ಕೆಲಸ ಮಾಡದಿದ್ದರೆ ಕಂಟ್ರೋಲ್, ಶಿಫ್ಟ್, ಆರ್ ಒತ್ತಿ. ಆಗ ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಪ್ರತಿ (ಕ್ಯಾಶ್) ಬಿಟ್ಟು ಪುಟ ಹೊಸದಾಗಿ ಬರುತ್ತದೆ. ಮ್ಯಾಕ್‌ನಲ್ಲಿ ಕ್ರೋಮ್ ಬಳಸುವವರು ಕಂಟ್ರೋಲ್ ಬದಲು ಕಮ್ಯಾಂಡ್ ಒತ್ತಬೇಕು.

ಹಂತ 4: ನೆಟ್‌ವರ್ಕ್

ಯೂಟ್ಯೂಬ್ ಹೇಳುವ ಪ್ರಕಾರ 480ಪಿಗೆ 1.1, 720ಪಿಗೆ 2.5, 1080ಪಿಗೆ 5, 4ಕೆಗೆ 20 ಎಂಬಿಪಿಎಸ್ ವೇಗ ಎಡೆಬಿಡದೆ ಬೇಕು. ಎಡೆಬಿಡದೆ ಅನ್ನುವುದೇ ಇಲ್ಲಿ ಮುಖ್ಯ. ಸ್ಪೀಡ್ ಟೆಸ್ಟ್ ತೋರಿಸುವುದು ಕೆಲವು ಸೆಕೆಂಡುಗಳ ಸರಾಸರಿ. 50 ಎಂಬಿಪಿಎಸ್ ತೋರಿಸುವ ವೈಫೈ ಕೂಡ ನಡುನಡುವೆ ಮೂರ್ನಾಲ್ಕು ಸೆಕೆಂಡು ಸತ್ತಂತೆ ಇರಬಹುದು. ರೆಕಾರ್ಡ್ ಆದ ವಿಡಿಯೊ ಅದನ್ನು ನುಂಗಿಕೊಳ್ಳುತ್ತದೆ, ಲೈವ್‌ಗೆ ಆಗುವುದಿಲ್ಲ.

ನಿಮ್ಮ ನೆಟ್ ಹೀಗಿದೆಯೇ ಎಂದು ತಿಳಿಯಲು ಒಂದು ಒಳ್ಳೆಯ ದಾರಿ ಇದೆ. ಯೂಟ್ಯೂಬ್‌ನಲ್ಲಿ ಯಾವುದಾದರೂ ಲೈವ್ ಹಾಕಿ. ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆರಿಸಿ. ಮೂಲೆಯಲ್ಲಿ ಒಂದು ಕಪ್ಪು ಪೆಟ್ಟಿಗೆ ಬರುತ್ತದೆ. ಅದರಲ್ಲಿ 'ಬಫರ್ ಹೆಲ್ತ್' ಎಂಬ ಸಾಲನ್ನು ಒಂದೆರಡು ನಿಮಿಷ ಕಣ್ಣಿಟ್ಟು ನೋಡಿ. ಪ್ಲೇಯರ್ ಬಳಿ ಎಷ್ಟು ಸೆಕೆಂಡಿನ ದಾಸ್ತಾನು ಇದೆ ಎಂದು ಅದು ಹೇಳುತ್ತದೆ. ಆ ಸಂಖ್ಯೆ ಇಳಿಯುತ್ತದೆ, ಹೊಸ ತುಂಡು ಬಂದಾಗ ಏರುತ್ತದೆ, ಮತ್ತೆ ಇಳಿಯುತ್ತದೆ. ಉಸಿರಾಟದ ಹಾಗೆ. ಹೀಗೆ ಏರಿಳಿಯುತ್ತಾ ಇದ್ದರೆ ಎಲ್ಲ ಸರಿಯಾಗಿದೆ. ಏರುವುದು ನಿಂತು ಸೊನ್ನೆಯ ಕಡೆ ಜಾರುತ್ತಾ ಹೋದರೆ, ಚಕ್ರ ಸುತ್ತುವ ಮೊದಲೇ ನಿಮಗೆ ಗೊತ್ತಾಗುತ್ತದೆ: ತುಂಡುಗಳು ಸಮಯಕ್ಕೆ ತಲುಪುತ್ತಿಲ್ಲ. ದಾಸ್ತಾನು ಚೆನ್ನಾಗಿದ್ದೂ ಚಿತ್ರ ತಡವರಿಸುತ್ತಿದ್ದರೆ 'ಫ್ರೇಮ್ಸ್' ಸಾಲು ನೋಡಿ. ಅಲ್ಲಿ ಬಿಟ್ಟುಹೋದ ಫ್ರೇಮ್‌ಗಳ ಸಂಖ್ಯೆ ಏರುತ್ತಿರುತ್ತದೆ. ಆಗ ತೊಂದರೆ ನೆಟ್‌ನದ್ದಲ್ಲ, ಕಂಪ್ಯೂಟರ್‌ನದ್ದು. ಈ ಎರಡು ಸಾಲು ಓದಲು ಕಲಿತರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಬೇರೆ ಸೈಟಿನಲ್ಲಿ ತೊಂದರೆ ಇದ್ದರೂ ನಿಮ್ಮ ನೆಟ್ ಪರೀಕ್ಷೆಗೆ ಇದನ್ನು ಬಳಸಬಹುದು.

ನೆಟ್‌ನದ್ದೇ ತೊಂದರೆ ಅಂತ ಗೊತ್ತಾದರೆ ತಕ್ಷಣದ ಪರಿಹಾರ ಕ್ವಾಲಿಟಿ ಇಳಿಸುವುದು. 'ಆಟೊ' ಬಿಟ್ಟು ನೀವೇ 480ಪಿ ಆರಿಸಿ. ಕಣ್ಣಿಗೆ ಸ್ವಲ್ಪ ಮಂಜು ಅನ್ನಿಸಬಹುದು, ಆದರೆ ಮಾತು ತುಂಡಾಗದೆ ಕೇಳುತ್ತದೆ. ಟ್ವಿಚ್‌ನಂತಹ ಕಡೆ 'ಲೋ ಲೇಟೆನ್ಸಿ' ಎಂಬ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ. ಕೆಲವು ಸೆಕೆಂಡು ಹಿಂದೆ ಉಳಿಯುತ್ತೀರಿ, ಬದಲಿಗೆ ದಾಸ್ತಾನು ಹೆಚ್ಚುತ್ತದೆ.

ಆಮೇಲೆ ಕೇಬಲ್ ಹಾಕಿ ನೋಡಿ. ಕೇಬಲ್ ಇಲ್ಲದಿದ್ದರೆ ವೈಫೈಯನ್ನು 2.4 ಗಿಗಾಹರ್ಟ್ಸ್‌ನಿಂದ 5ಕ್ಕೆ ಬದಲಿಸಿ. 2.4ರಲ್ಲಿ ಬ್ಲೂಟೂತ್, ಮೈಕ್ರೋವೇವ್ ಒಲೆ, ಅಕ್ಕಪಕ್ಕದ ಮನೆಗಳ ವೈಫೈ ಎಲ್ಲವೂ ಗುದ್ದಾಡುತ್ತಿರುತ್ತವೆ. 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ಸ್ವಲ್ಪ ಸೋಮಾರಿ, ಹಾಗಾಗಿ ರೌಟರ್ ಹತ್ತಿರ ಕೂರಿ. ಮನೆಯಲ್ಲಿ ಯಾರಾದರೂ ದೊಡ್ಡ ಫೈಲ್ ಅಪ್‌ಲೋಡ್ ಮಾಡುತ್ತಿದ್ದಾರಾ ಎಂದು ಕೇಳಿ. ಫೋಟೊಗಳ ಬ್ಯಾಕಪ್ ಒಂದೇ ಸಾಕು ಲೈವ್ ಕೆಡಿಸಲು. ವಿಪಿಎನ್ ಇದ್ದರೆ ಆಫ್ ಮಾಡಿ: ಅದು ದಾರಿಯನ್ನು ಉದ್ದ ಮಾಡುತ್ತದೆ, ಕೆಲವು ಸೈಟುಗಳು ವಿಪಿಎನ್ ಕಂಡರೆ 403 ಕೊಟ್ಟು ಕಳಿಸುತ್ತವೆ.

ಹಂತ 5: ಬ್ರೌಸರ್ ಒಳಗೆ

ಖಾಸಗಿ ಕಿಟಕಿಯಲ್ಲಿ ಬಂದು ಮಾಮೂಲಿ ಕಿಟಕಿಯಲ್ಲಿ ಬರದಿದ್ದರೆ ಅನುಮಾನ ಎರಡರ ಮೇಲೆ, ಎಕ್ಸ್‌ಟೆನ್ಶನ್ ಅಥವಾ ಆ ಸೈಟಿನ ಹಳೆಯ ಡೇಟಾ.

ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಜಾಸ್ತಿ ಸೈಟುಗಳ ಲೈವ್ ಪ್ಲೇಯರ್ ಒಂದು ಜಾವಾಸ್ಕ್ರಿಪ್ಟ್ ಪ್ರೋಗ್ರಾಮ್. ತುಂಡುಗಳನ್ನು ತಂದು ಜೋಡಿಸುವುದು ಅದೇ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಅದರ ಒಂದು ಕೋರಿಕೆಯನ್ನು ತಪ್ಪಾಗಿ ತಡೆದರೂ ಇಡೀ ವಿಡಿಯೊ ನಿಲ್ಲುತ್ತದೆ. ಎಲ್ಲ ಎಕ್ಸ್‌ಟೆನ್ಶನ್ ಆಫ್ ಮಾಡಿ, ಒಂದೊಂದಾಗಿ ಆನ್ ಮಾಡುತ್ತಾ ಬನ್ನಿ. ಸಿಕ್ಕಿಬಿದ್ದದ್ದನ್ನು ಆ ಸೈಟಿಗೆ ಮಾತ್ರ ಆಫ್ ಮಾಡಿದರೆ ಸಾಕು, ಪೂರ್ತಿ ತೆಗೆಯಬೇಕಿಲ್ಲ.

ಕುಕೀ ಅಳಿಸುವಾಗಲೂ ಹಾಗೆಯೇ. ಬ್ರೌಸರ್‌ನ ಎಲ್ಲ ಇತಿಹಾಸ ಅಳಿಸಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಅಡ್ರೆಸ್ ಬಾರ್‌ನ ಎಡಗಡೆ ಇರುವ ಪುಟ್ಟ ಚಿಹ್ನೆ ಒತ್ತಿ, ಅಲ್ಲಿಂದ ಆ ಒಂದು ಸೈಟಿನ ಡೇಟಾ ಮಾತ್ರ ತೆಗೆಯಿರಿ.

ಪ್ಲೇ ತಾನಾಗಿ ಶುರುವಾಗದಿದ್ದರೆ, ಅಥವಾ ಚಿತ್ರ ಇದ್ದು ಸದ್ದಿಲ್ಲದಿದ್ದರೆ ಗಾಬರಿ ಬೇಡ. 2018ರಲ್ಲಿ ಬಂದ ಕ್ರೋಮ್ 66ರಿಂದ ಈಚೆಗೆ, ಸದ್ದಿರುವ ವಿಡಿಯೊ ತಾನಾಗಿ ಓಡದಂತೆ ಬ್ರೌಸರ್ ತಡೆಯುತ್ತದೆ. ಪುಟದ ಮೇಲೆ ಒಮ್ಮೆ ಒತ್ತಿ, ಸ್ಪೀಕರ್ ಚಿಹ್ನೆ ಒತ್ತಿ. ಮುಗಿಯಿತು.

ಒಂದು ಎಚ್ಚರಿಕೆ. "ನೋಡಲು ಫ್ಲಾಶ್ ಪ್ಲೇಯರ್ ಹಾಕಿಕೊಳ್ಳಿ" ಎಂದು ಯಾವುದೇ ಪುಟ ಕೇಳಿದರೆ ಆ ಪುಟ ಮುಚ್ಚಿ. ಅಡೋಬ್ ಫ್ಲಾಶ್‌ಗೆ ಬೆಂಬಲ ನಿಲ್ಲಿಸಿದ್ದು 2020ರ ಡಿಸೆಂಬರ್ 31ಕ್ಕೆ. ಈಗ ಆ ಹೆಸರಿನಲ್ಲಿ ಬರುವುದು ನಿಮ್ಮ ಕಂಪ್ಯೂಟರ್‌ಗೆ ಕೇಡು ತರುವ ಫೈಲ್. ಲೈವ್ ಶುರುವಾಗುವ ಆತುರದಲ್ಲಿರುವವರನ್ನೇ ಇವು ಹಿಡಿಯುವುದು.

ಹಂತ 6: ಸದ್ದಿದೆ, ಚಿತ್ರವಿಲ್ಲ

ಕಪ್ಪು ಪರದೆ, ಹಸಿರು ಪಟ್ಟಿ, ಒಡೆದ ಚೌಕಗಳು, ಅಥವಾ ಸದ್ದು ಓಡುತ್ತಿದ್ದು ಚಿತ್ರ ಮಾತ್ರ ನಿಂತಿರುವುದು. ಇವೆಲ್ಲ ಬಿಡಿಸುವ ಕೆಲಸದ ತೊಂದರೆಗಳು. ಬ್ರೌಸರ್ ಆ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸಿರುತ್ತದೆ, ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಸರಿಯಿಲ್ಲದಿದ್ದರೆ ಹೀಗಾಗುತ್ತದೆ.

ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್‌ಗೆ ಹೋಗಿ 'ಯೂಸ್ ಗ್ರಾಫಿಕ್ಸ್ ಆಕ್ಸಲರೇಶನ್' ಎಂದು ಶುರುವಾಗುವ ಆಯ್ಕೆ ಆಫ್ ಮಾಡಿ. ಎಡ್ಜ್‌ನಲ್ಲಿ ಇದು 'ಸಿಸ್ಟಮ್ ಆಂಡ್ ಪರ್ಫಾರ್ಮೆನ್ಸ್' ಒಳಗಿದೆ. ಫೈರ್‌ಫಾಕ್ಸ್‌ನಲ್ಲಿ ಜನರಲ್, ಪರ್ಫಾರ್ಮೆನ್ಸ್‌ಗೆ ಹೋಗಿ ಮೊದಲ ಟಿಕ್ ತೆಗೆದರೆ ಆಯ್ಕೆ ಕಾಣುತ್ತದೆ. ಬ್ರೌಸರ್ ಪೂರ್ತಿ ಮುಚ್ಚಿ ತೆರೆಯಿರಿ. ಚಿತ್ರ ಬಂದರೆ ರೋಗ ಸಿಕ್ಕಿತು. ಆದರೆ ಹಾಗೇ ಬಿಡಬೇಡಿ. ಈಗ ಎಲ್ಲ ಭಾರ ಪ್ರೊಸೆಸರ್ ಮೇಲೆ ಬಿದ್ದಿದೆ, ಫ್ಯಾನ್ ಜೋರಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ, ಆಯ್ಕೆಯನ್ನು ಮತ್ತೆ ಆನ್ ಮಾಡಿ.

ಅಂಕಿ 4ರ ತಪ್ಪು ಬಂದರೆ ಕೋಡೆಕ್, ಅಂದರೆ ವಿಡಿಯೊವನ್ನು ಕುಗ್ಗಿಸಿ ಬಿಡಿಸುವ ಬಗೆ, ಯಾವುದೆಂದು ನೋಡಬೇಕು. ಎಚ್.264 ಹೆಚ್ಚುಕಡಿಮೆ ಎಲ್ಲ ಕಡೆ ಓಡುತ್ತದೆ. ಎಚ್‌ಇವಿಸಿ ಎಂಬ ಇನ್ನೊಂದು ಕೋಡೆಕ್ ಕ್ರೋಮ್‌ನಲ್ಲಿ ಓಡಬೇಕಾದರೆ ಯಂತ್ರದ ಬೆಂಬಲ ಬೇಕು. ವಿಂಡೋಸ್‌ನ 'ಎನ್' ಆವೃತ್ತಿಯಲ್ಲಿ ವಿಡಿಯೊ ಭಾಗಗಳೇ ಇರುವುದಿಲ್ಲ. ಅದಕ್ಕೆ ಮೈಕ್ರೋಸಾಫ್ಟ್‌ನ 'ಮೀಡಿಯಾ ಫೀಚರ್ ಪ್ಯಾಕ್' ಹಾಕಿಕೊಳ್ಳಬೇಕು. ಲಿನಕ್ಸ್‌ನ ಕೆಲವು ಕ್ರೋಮಿಯಮ್ ಬ್ರೌಸರ್‌ಗಳಲ್ಲೂ ಎಚ್.264 ಇರುವುದಿಲ್ಲ.

ಹಂತ 7: ಹಣ ಕೊಟ್ಟು ನೋಡುವ ಲೈವ್

ಇಲ್ಲಿ ಡಿಆರ್‌ಎಂ ಎಂಬ ಬೀಗ ಇರುತ್ತದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ವೈಡ್‌ವೈನ್ ಎಂಬ ಬೀಗ ಬಳಸುತ್ತವೆ, ಸಫಾರಿ ಫೇರ್‌ಪ್ಲೇ ಎಂಬುದನ್ನು. ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಡಿಆರ್‌ಎಂ ವಿಡಿಯೊ ಓಡಿಸುವ ಟಿಕ್ ಇದೆ, ಅದು ಆನ್ ಇರಲಿ. ಬ್ರೌಸರ್ ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿ. ಹೊರಗಿನ ಮಾನಿಟರ್‌ಗೆ ಹಳೆಯ ಅಡಾಪ್ಟರ್ ಹಾಕಿದ್ದರೆ ಬಿಚ್ಚಿ ನೋಡಿ. ದಾರಿಯಲ್ಲಿ ಎಚ್‌ಡಿಸಿಪಿ (ಕೇಬಲ್‌ನಲ್ಲಿ ಹೋಗುವ ಚಿತ್ರಕ್ಕೆ ಹಾಕುವ ಬೀಗ) ಇಲ್ಲದ ಒಂದು ಕೊಂಡಿ ಇದ್ದರೂ ಚಿತ್ರ ಕಪ್ಪಾಗಬಹುದು. ಸ್ಕ್ರೀನ್ ರೆಕಾರ್ಡ್ ಅಥವಾ ಸ್ಕ್ರೀನ್ ಶೇರ್ ಓಡುತ್ತಿದ್ದರೆ ನಿಲ್ಲಿಸಿ.

ಹಂತ 8: ಎಫ್12 ತೆರೆದು ನೋಡುವುದು, ಮತ್ತು ಗಡಿಯಾರದ ಕತೆ

ಇಲ್ಲಿಯವರೆಗೆ ಸರಿಹೋಗದಿದ್ದರೆ ಎಫ್12 ಒತ್ತಿ, 'ನೆಟ್‌ವರ್ಕ್' ಟ್ಯಾಬ್ ತೆರೆದು ಪುಟ ರಿಫ್ರೆಶ್ ಮಾಡಿ. ನೋಡಿದರೆ ಭಯವಾಗಬಹುದು, ಆದರೆ ನೀವು ನೋಡಬೇಕಾದದ್ದು ಒಂದೇ: ಕೆಂಪು ಸಾಲುಗಳು, ಅವುಗಳ ಪಕ್ಕದ ಸಂಖ್ಯೆ. ಹಂತ 2ರ ಅರ್ಥಗಳೇ ಇಲ್ಲೂ ನಡೆಯುತ್ತವೆ. 'ಕನ್ಸೋಲ್' ಟ್ಯಾಬ್‌ನಲ್ಲಿ 'ಮಿಕ್ಸೆಡ್ ಕಂಟೆಂಟ್' ಅಥವಾ 'ಸಿಒಆರ್‌ಎಸ್' ಎಂಬ ಪದ ಕಂಡರೆ ಅದು ಹೆಚ್ಚಾಗಿ ಸೈಟಿನವರೇ ಸರಿಮಾಡಬೇಕಾದ ತಪ್ಪು.

ನಮ್ಮ ಅಕ್ಕನ ಮಗಳು ದೂರದ ಊರಲ್ಲಿ ಓದುತ್ತಿದ್ದಳು. ಅವಳ ಪದವಿ ಪ್ರದಾನದ ದಿನ ಲೈವ್ ಇತ್ತು. ಶುರುವಾಗಿ ಸ್ವಲ್ಪ ಹೊತ್ತಿಗೆ ಅಕ್ಕ ಫೋನ್ ಮಾಡಿದಳು. "ಎಲ್ಲ ವಿಡಿಯೊನೂ ಓಡ್ತಿದೆ ಕಣೋ, ಇದೊಂದೇ ಬರ್ತಿಲ್ಲ." ಭಾವನ ಫೋನ್‌ನಲ್ಲಿ ಬರುತ್ತಿತ್ತು, ಅದೂ ಅದೇ ವೈಫೈಯಲ್ಲಿ. ಆದರೆ ಅಷ್ಟು ಚಿಕ್ಕ ಸ್ಕ್ರೀನ್‌ನಲ್ಲಿ ಮಗಳ ಮುಖ ಕಾಣುವುದಾದರೂ ಹೇಗೆ? ಖಾಸಗಿ ಕಿಟಕಿ, ಬೇರೆ ಬ್ರೌಸರ್ ಎರಡೂ ಆಯಿತು. ಎಫ್12 ಒತ್ತಿಸಿ ಸ್ಕ್ರೀನಿನ ಫೋಟೊ ತರಿಸಿಕೊಂಡೆ. ಪಟ್ಟಿ ಬಂದಿತ್ತು, ಅದರ ಕೆಳಗೆ ಸಾಲು ಸಾಲು 404. ಪಟ್ಟಿ ಸಿಗುತ್ತಿದೆ, ತುಂಡು ಮಾತ್ರ ಸಿಗುತ್ತಿಲ್ಲ.

"ಅಕ್ಕ, ಲ್ಯಾಪ್‌ಟಾಪ್‌ನಲ್ಲಿ ಟೈಮ್ ಎಷ್ಟು ತೋರಿಸ್ತಿದೆ?"

"ಆರು ಇಪ್ಪತ್ತಾರು."

ನನ್ನ ಫೋನ್‌ನಲ್ಲಿ ಆರು ಇಪ್ಪತ್ತೆರಡು. ನಾಲ್ಕು ನಿಮಿಷ ಮುಂದೆ.

ಡ್ಯಾಶ್ ಬಗೆಯ ಲೈವ್‌ನಲ್ಲಿ ಈಗ ಯಾವ ತುಂಡು ಕೇಳಬೇಕು ಎಂದು ಪ್ಲೇಯರ್ ಗಡಿಯಾರ ನೋಡಿ ಲೆಕ್ಕ ಹಾಕಬಹುದು. ಸರ್ವರ್‌ನಿಂದ ಸರಿಯಾದ ಸಮಯ ಕೇಳುವ ವ್ಯವಸ್ಥೆಯೂ ಉಂಟು, ಆದರೆ ಅದು ಇಲ್ಲದ ಕಡೆ ಪ್ಲೇಯರ್ ನಿಮ್ಮ ಕಂಪ್ಯೂಟರಿನ ಗಡಿಯಾರವನ್ನೇ ನಂಬುತ್ತದೆ. ಅಕ್ಕನ ಲ್ಯಾಪ್‌ಟಾಪ್ ಇನ್ನೂ ನಡೆಯದ ನಾಲ್ಕು ನಿಮಿಷದ ತುಂಡುಗಳನ್ನು ಕೇಳುತ್ತಿತ್ತು. ರೆಕಾರ್ಡ್ ಆದ ವಿಡಿಯೊಗೆ ಗಡಿಯಾರದ ಹಂಗಿಲ್ಲ, ಹಾಗಾಗಿ ಅವೆಲ್ಲ ಓಡುತ್ತಿದ್ದವು. ದಿನಾಂಕ ಮತ್ತು ಸಮಯದ ಸೆಟ್ಟಿಂಗ್‌ಗೆ ಹೋಗಿ 'ಸಿಂಕ್ ನೌ' ಒತ್ತಿಸಿದೆ. ಪುಟ ರಿಫ್ರೆಶ್ ಆಯಿತು, ಚಿತ್ರ ಬಂತು. ಹೆಸರು ಕರೆಯುವುದು ಇನ್ನೂ ಅವಳವರೆಗೆ ತಲುಪಿರಲಿಲ್ಲ. ಫೋನ್ ಇಡುವುದನ್ನು ಅಕ್ಕ ಮರೆತೇಬಿಟ್ಟಿದ್ದಳು. ಆ ಕಡೆಯಿಂದ ಚಪ್ಪಾಳೆ ಕೇಳಿಸಿತು.

ಅಂದಿನಿಂದ ಯಾರೇ ಕೇಳಲಿ, "ರೆಕಾರ್ಡ್ ಆದದ್ದು ಓಡುತ್ತದೆ, ಲೈವ್ ಮಾತ್ರ ಇಲ್ಲ" ಅಂದರೆ ನಾನು ಮೊದಲು ಗಡಿಯಾರ ಕೇಳುತ್ತೇನೆ. ಗಡಿಯಾರ ದಿನಗಟ್ಟಲೆ, ವರ್ಷಗಟ್ಟಲೆ ತಪ್ಪಿದ್ದರೆ ಪುಟವೇ ತೆರೆಯದೆ ಸುರಕ್ಷತೆಯ ಎಚ್ಚರಿಕೆ ಬರಬಹುದು, ಅದು ಬೇಗ ಗೊತ್ತಾಗುತ್ತದೆ. ಕಾಡುವುದು ಈ ಮೂರ್ನಾಲ್ಕು ನಿಮಿಷದ ತಪ್ಪು. ಲ್ಯಾಪ್‌ಟಾಪ್ ಹಳೆಯದಾಗಿ, ಪ್ರತಿ ಸಲ ಸಮಯ ತಪ್ಪುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಪುಟ್ಟ ಬ್ಯಾಟರಿ ಬದಲಿಸಬೇಕಾಗಬಹುದು.

ಹಂತ 9: ಪ್ರಸಾರ ಮಾಡುವವರಿಗೆ ಬರೆಯುವುದು

ತೊಂದರೆ ಅವರ ಕಡೆ ಇದೆ ಎಂದು ಗೊತ್ತಾದರೆ ತಿಳಿಸಿ. "ವಿಡಿಯೊ ಬರ್ತಿಲ್ಲ" ಎಂದಷ್ಟೇ ಬರೆದರೆ ಅವರಿಗೆ ಹುಡುಕಲು ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ:

"6:40ರಿಂದ ಲೈವ್ ನಿಂತಿದೆ. ವಿಂಡೋಸ್ 11, ಕ್ರೋಮ್, ಎರಡು ಬೇರೆ ನೆಟ್‌ಗಳಲ್ಲಿ ನೋಡಿದೆ, ಖಾಸಗಿ ಕಿಟಕಿಯಲ್ಲೂ ನೋಡಿದೆ. 1080ಪಿಯಲ್ಲಿ ಮಾತ್ರ ನಿಲ್ಲುತ್ತದೆ, 480ಪಿ ಓಡುತ್ತದೆ. ನೆಟ್‌ವರ್ಕ್ ಟ್ಯಾಬ್‌ನಲ್ಲಿ 404 ಬರುತ್ತಿದೆ, ಫೋಟೊ ಜೊತೆಗಿದೆ."

ಫೋಟೊ ಕಳಿಸುವಾಗ ವಿಡಿಯೊ ವಿಳಾಸದ ಉದ್ದನೆಯ ಬಾಲ ಕಾಣದಂತೆ ಮುಚ್ಚಿ. ಆ ಬಾಲದಲ್ಲೇ ನಿಮ್ಮ ಹೆಸರಿಗೆ ಕೊಟ್ಟ ಚೀಟಿ ಇರುತ್ತದೆ.